ಹಳೇ ಯೆಜ್ಡಿಗೆ ಲಿಥಿಯಂ ಯಾಕ್ರೀ?

ಈಗ ಎಲ್ಲಿ ನೋಡಿದ್ರೂ ಇದೇ ಮಾತು. ಹಳೇ ಜಾವಾ, ಯೆಜ್ಡಿಗೆ ಲಿಥಿಯಂ ಬ್ಯಾಟರಿ ಹಾಕ್ಸಿ, ಹಗುರ, ನೀರು ಹಾಕೋ ರಗಳೆ ಇಲ್ಲ ಅಂತ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೇರೋ ಗಾಡೀಲಿ ಒಂದೆರಡು ಕೇಜಿ ಉಳಿಸಿ ಏನ್ ಮಾಡ್ತೀರಿ ಸ್ವಾಮಿ? ಸೆಲ್ಫ್ ಸ್ಟಾರ್ಟೂ ಇಲ್ಲ, ನಮ್ದು ಕಿಕ್ಕು.

ಅಸಲಿ ವಿಷಯ ಚಾರ್ಜಿಂಗು. ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಅಲ್ಲಿನ 6 ವೋಲ್ಟ್ ಗಾಡಿಗಳ ಡೈನಮೋ, ರೆಗ್ಯುಲೇಟರ್ ಎಲ್ಲ ಆಸಿಡ್ ಬ್ಯಾಟರಿಗೆ ಅಂತಲೇ ಮಾಡಿದ್ದು. ವೋಲ್ಟೇಜ್ ಸ್ವಲ್ಪ ಏರಿದ್ರೆ ಆಸಿಡ್ ಬ್ಯಾಟರಿ ನೀರು ಕಳ್ಕೊಂಡು ತಡ್ಕೊಳ್ಳುತ್ತೆ. ಲಿಥಿಯಂ ತಡ್ಕೊಳ್ಳಲ್ಲ. ಎರಡು ಸೆಲ್ಲಿನ ಐರನ್ ಫಾಸ್ಫೇಟ್ ಬ್ಯಾಟರಿಗೆ ಸುಮಾರು 7.3 ವೋಲ್ಟೇ ಮಿತಿ. ದಾಟಿದ್ರೆ ಒಳಗಿನ ಬಿಎಂಎಸ್ ಕಟ್ ಮಾಡುತ್ತೆ, ಆಗ ಬಲ್ಬು ಸುಟ್ಟುಹೋಗಬಹುದು. ಬಿಎಂಎಸ್ ಇಲ್ಲದ ಅಗ್ಗದ ಮಾಲಾದ್ರೆ ಸೆಲ್ಲೇ ಊದ್ಕೊಳ್ಳುತ್ತೆ.

ಹಾಕಲೇಬೇಕು ಅಂದ್ರೆ ಮೊದಲು ಲಿಥಿಯಂಗೆ ಹೊಂದೋ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕ್ಸಿ. ಗಾಡಿ ರೈಸ್ ಮಾಡಿ, ಬ್ಯಾಟರಿಗೆ ಮೀಟರ್ ಹಿಡಿದು ನೋಡಿ. ಇದನ್ನ ಹೇಳದೆ ಬರೀ ಬ್ಯಾಟರಿ ಮಾರೋ ಅಂಗಡಿಯೋರ ಮಾತು ನಂಬ್ಬೇಡಿ.

ಡಿಸ್ಟಿಲ್ಡ್ ವಾಟರ್ ಹಾಕೋಕೆ ಐದೇ ನಿಮಿಷ. ಡೈರಿ ಹೊತ್ತಲ್ಲಿ ಗಾಡಿ ತಳ್ಳೋಕೆ ಎಷ್ಟು ಹೊತ್ತು, ನೀವೇ ಲೆಕ್ಕ ಹಾಕ್ರಣ್ಣ.