ಸಕ್ಕರೆ ಬೇನೆಯ ಯಂತ್ರ ಮತ್ತು ಉದ್ಯಮಬಾಗದ ಊಟದ ಬಿಡುವು

ಅಮೇರಿಕೆಯ ಮಿನೆಸೋಟಾ ಸಂಸ್ಥಾನದ ಮೇಯೋ ಕ್ಲಿನಿಕ್ಕಿನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಯೋಗೀಶ ಕುಡ್ವ ಅವರ ಹೆಸರನ್ನು ನಮ್ಮ ವಾಚಕರಲ್ಲಿ ಬಹಳ ಮಂದಿ ಕೇಳಿರಲಿಕ್ಕಿಲ್ಲ. ಕುಡ್ವ ಎಂಬುದು ನಮ್ಮ ಕರಾವಳಿಯ ಮನೆತನದ ಹೆಸರು. ಆದರೆ ಆ ಅಭಿಮಾನಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಅವರು ವರುಷಗಟ್ಟಲೆ ಬೆನ್ನು ಹತ್ತಿದ ಪ್ರಶ್ನೆ ಉದ್ಯಮಬಾಗದ ಎರಕದ ಕಾರಖಾನೆಯ ಕಾಮಗಾರನ ಪ್ರಶ್ನೆಯೂ ಹೌದು, ಖಡೇಬಜಾರದ ಅಂಗಡಿಕಾರನ ಪ್ರಶ್ನೆಯೂ ಹೌದು. ರಕ್ತದ ಸಕ್ಕರೆ ತಾಸಿಗೊಂದು ತೆರನಾಗಿ ಏರಿಳಿಯುವಾಗ ಅದನ್ನು ಹೊತ್ತಿಗೆ ಸರಿಯಾಗಿ ತಿದ್ದುವುದು ಹೇಗೆ?

ವ್ಯಾಪಾರಿ ಬಂಧುಗಳಿಗೆ ಇದು ಬೇಗ ತಿಳಿದೀತು. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಸರಾಸರಿ ತಿಳಿದುಕೊಳ್ಳುವುದೆಂದರೆ ದೀಪಾವಳಿಗೊಮ್ಮೆ ಕೀರ್ದಿ ತೆರೆದು ನೋಡಿದಂತೆ. ನಷ್ಟ ಯಾವ ದಿನ, ಯಾವ ಗಿರಾಕಿಯಿಂದ ಬಂತೆಂದು ಅದು ಹೇಳದು. ಈಗ ತೋಳಿಗೆ ಅಂಟಿಸುವ ಸಣ್ಣ ಬಿಲ್ಲೆ ಬಂದಿದೆ. ಅದರ ಕೂದಲೆಳೆಯಂಥ ತಂತಿ ಚರ್ಮದಡಿಯ ದ್ರವದಲ್ಲಿ ಸಕ್ಕರೆಯನ್ನು ಕೆಲ ನಿಮಿಷಕ್ಕೊಮ್ಮೆ ಅಳೆದು, ಅಂಕೆಯ ಪಕ್ಕದಲ್ಲಿ ಬಾಣದ ಗುರುತನ್ನೂ ತೋರಿಸುತ್ತದೆ. 120 ಇದ್ದು ಬಾಣ ಕೆಳಮುಖವಾಗಿದ್ದರೆ ಒಂದು ಅರ್ಥ, ಮೇಲ್ಮುಖವಾಗಿದ್ದರೆ ಇನ್ನೊಂದು. ಈ ಬಾಣಗಳನ್ನು ಓದಿ ಇನ್ಸುಲಿನ್ ಪ್ರಮಾಣ ಹೇಗೆ ನಿಶ್ಚಯಿಸಬೇಕೆಂದು 2018ರಲ್ಲಿ ಕುಡ್ವ ಮತ್ತು ಸಂಗಡಿಗರು ಮಾರ್ಗದರ್ಶನ ಬರೆದರು.

ಮುಂದಿನ ಹೆಜ್ಜೆ ಲೇಥ್ ಮುಂದೆ ನಿಂತವನಿಗೆ ಹೊಸದಲ್ಲ. ಎಂಜಿನ್ನಿನ ವೇಗ ಏರಿದರೆ ಗವರ್ನರ್ ತಾನೇ ಎಣ್ಣೆ ಕಡಿಮೆ ಮಾಡುತ್ತದೆ, ಇಳಿದರೆ ಹೆಚ್ಚಿಸುತ್ತದೆ. ಹಾಗೆಯೇ ಸೊಂಟದ ಪಂಪು ಬಿಲ್ಲೆಯ ಲೆಕ್ಕ ನೋಡಿ, ಮುಂದಿನ ಅರ್ಧ ತಾಸನ್ನು ಅಂದಾಜಿಸಿ, ಇನ್ಸುಲಿನ್ ಏರಿಸಿ ಇಳಿಸುತ್ತದೆ. 2019ರಲ್ಲಿ ಪ್ರಕಟವಾದ ಪ್ರಯೋಗದ ತಜ್ಞರಲ್ಲಿ ಕುಡ್ವ ಒಬ್ಬರು. ಶರೀರದಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತ ಒಂದನೆಯ ಬಗೆಯ 168 ರೋಗಿಗಳು, ಆರು ತಿಂಗಳು. ಯಂತ್ರ ಕಟ್ಟಿಕೊಂಡವರ ಸಕ್ಕರೆ 70ರಿಂದ 180ರ ಒಳಗೆ ಇರುವ ಹೊತ್ತು ದಿನದ ನೂರರಲ್ಲಿ 61 ಪಾಲು ಇದ್ದದ್ದು 71 ಆಯಿತು. ಉಳಿದವರದು 59ರಲ್ಲೇ ನಿಂತಿತು. ದಿನಕ್ಕೆ ಎರಡೂವರೆ ತಾಸಿನ ಅಂತರ! 2025ರಲ್ಲಿ ಕುಡ್ವರೇ ಮೊದಲ ಲೇಖಕರಾಗಿ ಎರಡನೆಯ ಬಗೆಯವರ, ಅಂದರೆ ನಮ್ಮ ಓಣಿಗಳಲ್ಲಿ ಹೆಚ್ಚಾಗಿ ಕಾಣುವ ಬೇನೆಯವರ, ಪ್ರಯೋಗ ಪ್ರಕಟಿಸಿದರು. ಇನ್ಸುಲಿನ್ ಮೇಲಿದ್ದ 319 ಜನ, 13 ವಾರ. ಯಂತ್ರದವರದು 48ರಿಂದ 64ಕ್ಕೆ ಏರಿತು, ಉಳಿದವರದು 51ರಿಂದ 52.

ಇಲ್ಲಿಯೇ ನಾವು ವಾಚಕರ ಲಕ್ಷ್ಯ ಸೆಳೆಯಬಯಸುವ ಸಂಗತಿಯಿದೆ. ಆ 'ಉಳಿದವರ' ತೋಳಿಗೂ ಬಿಲ್ಲೆ ಇತ್ತು. ಅಂಕೆ ಅವರ ಕಣ್ಣೆದುರಿಗೇ ಇತ್ತು. ಬರೀ ನೋಡುವುದರಿಂದ ಸಾಲಲಿಲ್ಲ. ನೋಡಿದ ಕ್ಷಣಕ್ಕೆ ತಿದ್ದುವ ಕೈ ಬೇಕಾಯಿತು. ಉಳ್ಳವನು ಆ ಕೈಯನ್ನು ಕೊಂಡುಕೊಳ್ಳುತ್ತಾನೆ. ಎರಡು ವಾರಕ್ಕೊಮ್ಮೆ ಬದಲಿಸುವ ಬಿಲ್ಲೆಯೇ ವರ್ಷಕ್ಕೆ 26 ಬೇಕು, ಒಂದೊಂದಕ್ಕೂ ಸಾವಿರಾರು ರೂಪಾಯಿ. ಪಂಪಿನ ಮಾತು ಬೇರೆ. ಖಾನಾಪುರದಿಂದ ನಸುಕಿನ ಬಸ್ಸು ಹಿಡಿದು ಮೊದಲ ಪಾಳಿಗೆ ಬರುವವನಿಗೆ ಆ ಕೈ ಎಲ್ಲಿಂದ ಬರಬೇಕು? ಅವನಿಗೆ ಇರುವುದು ತನ್ನದೇ ಕೈ, ಅದೂ ಪಾಳಿ ಮುಗಿಯುವ ತನಕ ಯಂತ್ರಕ್ಕೆ ಒತ್ತೆ. ಊಟದ ಹೊತ್ತು ತಪ್ಪಿ, ಸಕ್ಕರೆ ಕುಸಿದು ಬೆವರಿ ಕೂತವನಿಗೆ 'ಕಳ್ಳ ಬೇನೆ' ಎನ್ನುವ ಮೇಸ್ತ್ರಿಗಳನ್ನು ನಾವು ಬಲ್ಲೆವು.

1948ರ ಫ್ಯಾಕ್ಟರಿ ಕಾಯ್ದೆ ಐದು ತಾಸು ದುಡಿಸುವುದರೊಳಗೆ ಅರ್ಧ ತಾಸಿನ ಬಿಡುವನ್ನು ವಿಧಿಸಿತ್ತು. 2023ರ ಕರ್ನಾಟಕದ ತಿದ್ದುಪಡಿ ದಿನಕ್ಕೆ 12 ತಾಸಿನವರೆಗೆ ದುಡಿಸಲು ದಾರಿ ತೆರೆಯಿತು. ಅದೇ 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಲೆಕ್ಕ ಕೊಟ್ಟಿತು. ಈ ಎರಡು ಕಾಗದಗಳನ್ನು ಒಂದೇ ಮೇಜಿನ ಮೇಲಿಟ್ಟು ಓದಿದ ಮಂತ್ರಿ ಯಾರಾದರೂ ಇದ್ದರೆ ನಮಗೆ ಆಶ್ಚರ್ಯ.

ಕುಡ್ವರ ಕೆಲಸವೆಲ್ಲ ದುಬಾರಿ ಯಂತ್ರದ್ದೇ ಎಂದು ಯಾರೂ ಭಾವಿಸಬಾರದು. 2012ರಲ್ಲಿ ಅವರೂ ಸಂಗಡಿಗರೂ ಉಂಡ ಮೇಲೆ ಸಾವಕಾಶ ಅಡ್ಡಾಡಿದರೆ ಏನಾಗುತ್ತದೆಂದು ಅಳೆದು ನೋಡಿದರು. ಕೂತವರಿಗಿಂತ ಅಡ್ಡಾಡಿದವರ ಸಕ್ಕರೆಯ ಏರಿಕೆ ಬಹಳ ತಗ್ಗಿತ್ತು. ನಮ್ಮ ಬೆಳಗಾವಿಯ ಹಿರಿಯರ ಶತಪಾವಲಿಗೆ ಮೇಯೋ ಕ್ಲಿನಿಕ್ಕಿನ ಮುದ್ರೆ ಬಿದ್ದಂತಾಯಿತು. ಆದರೆ ಡಬ್ಬಿ ಬಿಚ್ಚಿ ಉಂಡು ಕೈ ತೊಳೆಯುವಷ್ಟರಲ್ಲಿ ಭೋಂಗಾ ಕೂಗಿದರೆ ಶತಪಾವಲಿ ಎಲ್ಲಿ ಹಾಕಬೇಕು? ಗಲ್ಲೆ ಬಿಟ್ಟು ಏಳಲಾರದ ಸಣ್ಣ ಅಂಗಡಿಕಾರನ ಪಾಡೂ ಅದೇ.

ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೋ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಬಿಲ್ಲೆ, ಪಂಪುಗಳಿಗೆ ಅಂಥ ದಿನ ಬರುವ ತನಕ ಕೈಕಟ್ಟಿ ಕೂಡ್ರುವ ಕಾರಣವಿಲ್ಲ. ಉದ್ಯಮಬಾಗದ ಸಂಘಗಳು ಮುಂದಿನ ಬೇಡಿಕೆಪತ್ರದಲ್ಲಿ ಪಗಾರದ ಸಾಲಿನ ಕೆಳಗೇ ಇವನ್ನೂ ಬರೆಯಲಿ: ಊಟಕ್ಕೆ ತಪ್ಪದ ಹೊತ್ತು, ಉಂಡ ಮೇಲೆ ಅಡ್ಡಾಡಲು ಕಾಲು ತಾಸು, ಇನ್ಸುಲಿನ್ ಇಡಲು ತಂಪು ಪೆಟ್ಟಿಗೆ, ಸೂಜಿ ಚುಚ್ಚಿಕೊಳ್ಳಲು ಮರೆಯಾದ ಸ್ವಚ್ಛ ಜಾಗ. ರಕ್ತ ನೋಡುವ ಪಟ್ಟಿಗಳು ಇ.ಎಸ್.ಐ. ಚೀಟಿಯ ಮೇಲೆ ತಿಂಗಳು ತಪ್ಪದೆ ಸಿಗಬೇಕೆಂದು ಪ್ರತ್ಯೇಕ ಅರ್ಜಿ ಹೋಗಲಿ. ಅದಕ್ಕೆ ಖಾನಾಪುರದ ಹಂಚಿನ ಕಾಮಗಾರರ ಸಹಿಯೂ ಇರಲಿ.