ಹೊಸ ಸ್ಟೇಷನ್, ಹಳೇ ಹಳಿ

ಉಮ್ಮತ್ತೂರಿಗೆ ಪಾಳೆಯಗಾರರ ಇತಿಹಾಸವಿದೆ, ರೈಲಿಲ್ಲ. ಚಾಮರಾಜನಗರಕ್ಕೆ ಬಂದು ತಿರುಪತಿ ರೈಲು ಹತ್ತಿ ಬೆಂಗಳೂರು ಸೇರುವ ನಮ್ಮವರಿಗೆ ಅಲ್ಲಿನ ಸ್ಟೇಷನ್‌ಗಳ ಮರುನಿರ್ಮಾಣ ಕಾಮಗಾರಿಯ ಬಿಸಿ ಚೆನ್ನಾಗಿಯೇ ತಟ್ಟಿದೆ. ಕಂಟೋನ್ಮೆಂಟ್‌ಗೆ ಸುಮಾರು 500 ಕೋಟಿ, ಯಶವಂತಪುರಕ್ಕೆ 375 ಕೋಟಿ ರೂಪಾಯಿ. 2022ರ ಜೂನ್‌ನಲ್ಲಿ ಪ್ರಧಾನಿಯವರೇ ಶಂಕುಸ್ಥಾಪನೆ ಮಾಡಿದರು. ಆಮೇಲೆ ಶುರುವಾಯಿತು ನೋಡಿ, ತಗಡಿನ ತಡೆಗೋಡೆಗಳ ನಡುವಿನ ಓಡಾಟ. ನಿನ್ನೆ ಇದ್ದ ದಾರಿ ಇವತ್ತಿಲ್ಲ. ತಲೆ ಮೇಲೆ ಮೂಟೆ ಹೊತ್ತ ಅಜ್ಜಿ ಬಾಣದ ಗುರುತು ಓದಲಾರದೆ ಸಿಕ್ಕಸಿಕ್ಕವರನ್ನು ‘ಟಿಕೀಟ್ ಕೊಡೋದು ಎಲ್ಲಪ್ಪ?’ ಎಂದು ಕೇಳುತ್ತಾಳೆ. ಕಟ್ಟುವಾಗ ಧೂಳು ಏಳುವುದೇ, ಒಪ್ಪೋಣ. ಸ್ಟೇಷನ್‌ಗಳನ್ನು ನವೀಕರಿಸುವ ಅಮೃತ ಭಾರತ ಯೋಜನೆಯ ಪಟ್ಟಿಯಲ್ಲಿ ನಮ್ಮ ಚಾಮರಾಜನಗರದ ಸ್ಟೇಷನ್ನೂ ಇದೆ, ಸಂತೋಷವೇ. ಆದರೆ ಮೈಸೂರಿನಿಂದ ಬರುವ ಹಳಿ ಇಲ್ಲಿಗೇ ಮುಗಿಯುತ್ತದೆ. ಸತ್ಯಮಂಗಲದ ಕಾಡು ದಾಟಿ ಮೆಟ್ಟುಪಾಳ್ಯಕ್ಕೆ ಹೋಗಬೇಕಿದ್ದ ಮಾರ್ಗ ದಶಕಗಳಿಂದ ಕಡತದಲ್ಲೇ ಓಡುತ್ತಿದೆ. (ಆನೆಗಳ ಮಟ್ಟಿಗೆ ಅದು ಒಳ್ಳೆಯದೇ.) ಹೊಸ ಕಟ್ಟಡ ಕಟ್ಟುವವರು ರೈಲು ಬರುವ ಹೊತ್ತಿಗೆ ಹೊಂದಿಸಿ ಹಳ್ಳಿಗಳ ಕಡೆಗೆ ಒಂದೆರಡು ಬಸ್ಸು ಬಿಡಿಸಿದರೆ, ಗಾಜಿನ ಮುಂಬಾಗಿಲು ಆರು ತಿಂಗಳು ತಡವಾದರೂ ಯಾರೂ ಗೊಣಗುವುದಿಲ್ಲ.