ವಂತಿಗೆಯ ಪಿಂಚಣಿಯೂ ಸ್ಥಿತಿವಂತರ ಮುಪ್ಪೂ

ಯೋಗಕ್ಷೇಮವೆಂಬುದು ಎರಡು ಮಾತುಗಳು ಕೂಡಿದ ಪದ. ಇಲ್ಲದುದನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ನಮ್ಮ ಪಟ್ಟಣಗಳ ಸ್ಥಿತಿವಂತ ಉದ್ಯೋಗಸ್ಥರು ಮೊದಲನೆಯದರಲ್ಲಿ ನಿಪುಣರು. ಎರಡನೆಯದನ್ನು ಮಾತ್ರ ಕಂಪನಿಗೂ ಸರಕಾರಕ್ಕೂ ಒಪ್ಪಿಸಿ ನಿಶ್ಚಿಂತರಾಗಿರುವರು. “ತಿಂಗಳು ತಿಂಗಳೂ ಸಂಬಳದಲ್ಲಿ ಹಿಡಿಯುತ್ತಾರಲ್ಲ, ಮುಪ್ಪಿಗೆ ಅದುಂಟು” ಎಂಬುದು ಅವರ ಸಮಾಧಾನ. ಈ ಸಮಾಧಾನಕ್ಕೆ ಆಧಾರವೆಷ್ಟು ಎಂಬುದನ್ನು ಈ ತಿಂಗಳು ವಾಚಕರೊಡನೆ ಕುಳಿತು ಲೆಕ್ಕ ಹಾಕಿ ನೋಡಬೇಕೆಂದಿದ್ದೇವೆ.

ಖಾಸಗಿ ಉದ್ಯೋಗಸ್ಥರ ಪಿಂಚಣಿ ಯೋಜನೆಯು 1995ರ ನವೆಂಬರ್ 16ರಂದು ಜಾರಿಗೆ ಬಂದಿತು. ಅದರ ಕ್ರಮ ಹೀಗಿದೆ: ನೌಕರನು ತನ್ನ ವೇತನದಲ್ಲಿ ನೂರಕ್ಕೆ 12ರಂತೆ ಭವಿಷ್ಯನಿಧಿಗೆ ವಂತಿಗೆ ಕಟ್ಟುವನು. ಕಂಪನಿಯೂ ಅಷ್ಟನ್ನೇ ಕಟ್ಟತಕ್ಕದ್ದು. ಆದರೆ ಅದರ ಪಾಲಿನಲ್ಲಿ ನೂರಕ್ಕೆ 8.33ರಷ್ಟು ಪಿಂಚಣಿಯ ನಿಧಿಗೂ, ಮಿಕ್ಕುದು ಭವಿಷ್ಯನಿಧಿಗೂ ಸಲ್ಲುವುದು. ಇಲ್ಲೊಂದು ಕಟ್ಟಳೆಯಿದೆ. ಪಿಂಚಣಿಯ ಲೆಕ್ಕಕ್ಕೆ ಪೂರ್ಣ ವೇತನವನ್ನು ಹಿಡಿಯದೆ, ಒಂದು ಮಿತಿಯವರೆಗೆ ಮಾತ್ರ ಹಿಡಿಯುವರು. 2014ರ ಸೆಪ್ಟೆಂಬರ್ 1ರಿಂದ ಆ ಮಿತಿಯನ್ನು ತಿಂಗಳಿಗೆ 15,000 ರೂಪಾಯಿಗಳೆಂದು ಗೊತ್ತುಮಾಡಲಾಯಿತು.

ಈ ಮಿತಿಯನ್ನೇ ಹಿಡಿದು ನೋಡೋಣ. ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಪಿಂಚಣಿಯ ಮೊತ್ತ ದೊರೆಯುವುದು. 20 ವರ್ಷ ಪೂರೈಸಿ 58ಕ್ಕೆ ನಿವೃತ್ತನಾದವನಿಗೆ 2 ವರ್ಷ ಹೆಚ್ಚಾಗಿ ಕೂಡಿಸುವರು; ಆದಕಾರಣ 33 ವರ್ಷ ದುಡಿದವನ ಸೇವೆ 35 ಎಂದಾಯಿತು. 15,000ವನ್ನು 35ರಿಂದ ಗುಣಿಸಿ 70ರಿಂದ ಭಾಗಿಸಿದರೆ 7,500 ರೂಪಾಯಿ. ಹದಿನೈದು ಸಾವಿರ ಸಂಬಳದ ಗುಮಾಸ್ತನಿಗೂ ಇಷ್ಟೇ, ಒಂದೂವರೆ ಲಕ್ಷ ಸಂಬಳದ ಅಧಿಕಾರಿಗೂ ಇಷ್ಟೇ. ಗುಮಾಸ್ತನಿಗೆ ಇದು ಸಂಬಳದ ಅರ್ಧ. ಅಧಿಕಾರಿಗೆ ಇಪ್ಪತ್ತರಲ್ಲೊಂದು ಪಾಲು. 2014ಕ್ಕೆ ಹಿಂದಿನ ಸೇವೆಗೆ 6,500 ರೂಪಾಯಿಗೆ ಮೀರದ ಮಿತಿಯೇ ಲೆಕ್ಕಕ್ಕೆ ಬರುವುದರಿಂದ, ಆ ಕಾಲದಿಂದ ದುಡಿದವರಿಗೆ ಇಷ್ಟೂ ಸಲ್ಲದು. ಪೂರ್ಣ ವೇತನದ ಮೇಲೆ ವಂತಿಗೆ ಕಟ್ಟಲು ನಿಯಮಾನುಸಾರ ಆಯ್ದುಕೊಂಡವರ ಮಾತು ಬೇರೆ. ಅಂಥವರ ಹಕ್ಕನ್ನು ಕುರಿತು ಸುಪ್ರೀಂ ಕೋರ್ಟು 2022ರ ನವೆಂಬರ್ 4ರಂದು ತೀರ್ಪಿತ್ತಿತು.

ಇದರಲ್ಲಿ ಮೋಸವಿದೆಯೆಂದು ನಾವು ಹೇಳುವುದಿಲ್ಲ. ಪಿಂಚಣಿಗೆಂದು ಕಟ್ಟಿದ್ದೂ ಆ ಮಿತಿಯ ಮೇಲೆಯೇ, ಎಂದರೆ ತಿಂಗಳಿಗೆ ಸುಮಾರು 1,250 ರೂಪಾಯಿ. ಬಿತ್ತಿದಷ್ಟು ಬೆಳೆ. ದೋಷವಿರುವುದು ಸಂಬಳದೊಡನೆ ಪಿಂಚಣಿಯೂ ಬೆಳೆಯುವುದೆಂಬ ನಮ್ಮವರ ನಂಬಿಕೆಯಲ್ಲಿ.

ಇನ್ನು ಗೃಹಿಣಿಯರು ಲಕ್ಷ್ಯವಿಟ್ಟು ಓದಬೇಕಾದ ಮಾತು. ಈ ಪಿಂಚಣಿಗೆ ತುಟ್ಟಿಭತ್ಯೆಯಿಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಇಮ್ಮಡಿಯಾಗುವುವು. 58ರಲ್ಲಿ ಪಡೆದ 7,500 ರೂಪಾಯಿ, 70ರಲ್ಲಿ ಅರ್ಧದಷ್ಟು ಪದಾರ್ಥವನ್ನೂ ಔಷಧವನ್ನೂ ಮಾತ್ರ ತರುವುದು. ಯಜಮಾನನು ತೀರಿಕೊಂಡ ತರುವಾಯ ಅವನ ಪತ್ನಿಗೆ ಸಲ್ಲುವುದು ಆ ಮೊತ್ತದ ಅರ್ಧ, 3,750 ರೂಪಾಯಿ. ಒಂದೂವರೆ ಲಕ್ಷದಲ್ಲಿ ಮನೆ ನಡೆಸಿದ ಆಕೆಯ ಕೈಗೆ ಕೊನೆಗೆ ಬರುವ ಮಾಸಿಕ ಹಣವಿದು.

2014ರ ಸೆಪ್ಟೆಂಬರಿನ ತರುವಾಯ 15,000ಕ್ಕೆ ಮೀರಿದ ವೇತನದ ಮೇಲೆ ಹೊಸದಾಗಿ ಸೇರಿದವರನ್ನು ಈ ಯೋಜನೆಯಿಂದಲೇ ಹೊರಗಿಡಲಾಯಿತು. ಕಂಪನಿಯ ವಂತಿಗೆಯೆಲ್ಲವೂ ಅವರ ಭವಿಷ್ಯನಿಧಿಗೆ ಸೇರುವುದು. ನಿಧಿ ದೊಡ್ಡದಾಗುವುದು ನಿಜ. ಆದರೆ ನಿಧಿಯು ಕೆರೆಯೇ ಹೊರತು ಹೊಳೆಯಲ್ಲ. ಮಗಳ ಮದುವೆಗೆ ಒಂದು ತೂಬು, ಮನೆ ಕಟ್ಟುವುದಕ್ಕೆ ಇನ್ನೊಂದು ತೂಬು ತೆಗೆದರೆ, ನಿವೃತ್ತಿಯ ವೇಳೆಗೆ ತಳದ ಕೆಸರು ಕಾಣುವುದು. ಕೋಟಿ ರೂಪಾಯಿ ಪೂರ್ಣವಾಗಿ ಉಳಿಯಿತೆಂದೇ ಎಣಿಸಿರಿ. ನೂರಕ್ಕೆ ಆರರ ಬಡ್ಡಿಯಂತೆ ಅದು ತಿಂಗಳಿಗೆ 50,000 ರೂಪಾಯಿ ಕೊಡುವುದು. ಬಡ್ಡಿಯನ್ನೆಲ್ಲ ಉಂಡರೆ ಅಸಲು ಅಲ್ಲಿಯೇ ನಿಲ್ಲುವುದು, ಬೆಲೆ ಮಾತ್ರ ಮುಂದೆ ನಡೆಯುವುದು.

ನಮ್ಮಂತಹ ಹಳೆಯ ಉಪಾಧ್ಯಾಯರಿಗೆ ವಂತಿಗೆಯಿಲ್ಲದ ಪಿಂಚಣಿಯೂ ಅದಕ್ಕೆ ತುಟ್ಟಿಭತ್ಯೆಯೂ ಉಂಟು. ಕೇಂದ್ರ ಸರಕಾರದಲ್ಲಿ 2004ರ ಜನವರಿ 1ರಿಂದಲೂ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದಲೂ ಸೇರಿದವರನ್ನು ವಂತಿಗೆಯ ಕ್ರಮಕ್ಕೆ ಒಳಪಡಿಸಲಾಯಿತು. ತಂದೆಯ ನಿವೃತ್ತಿಯನ್ನು ಕಂಡು ಮಗನು ತನ್ನ ನಿವೃತ್ತಿಯನ್ನು ಅಳೆಯಲಾಗದು.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಮೊದಲು, ತಾನು ಯಾವ ಯೋಜನೆಗೆ ಸೇರಿದವನು, ಪಿಂಚಣಿಯ ಖಾತೆಗೆ ವಂತಿಗೆ ಸಲ್ಲುತ್ತಿದೆಯೇ ಎಂಬುದನ್ನು ಭವಿಷ್ಯನಿಧಿಯ ಪಾಸ್‌ಪುಸ್ತಕದಲ್ಲಿ ನೋಡಲಿ. ಎರಡನೆಯದಾಗಿ, ಮನೆಯ ತಿಂಗಳ ವೆಚ್ಚದಿಂದ ಪಿಂಚಣಿಯ ಮೊತ್ತವನ್ನು ಕಳೆದು, ಉಳಿದ ಕೊರತೆಗೆಂದು ಈಗಿನಿಂದಲೇ ಪ್ರತ್ಯೇಕವಾಗಿ ಕೂಡಿಡಲಿ. 2009ರ ಮೇ 1ರಂದು ಎಲ್ಲ ನಾಗರಿಕರಿಗೂ ತೆರೆದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯೂ ಅದಕ್ಕೊಂದು ದಾರಿ. ಮೂರನೆಯದಾಗಿ, ವರ್ಷಾಶನವನ್ನು ಕೊಳ್ಳುವಾಗ ದಂಪತಿಗಳಿಬ್ಬರ ಹೆಸರಿನಲ್ಲಿ, ಒಬ್ಬರ ಕಾಲಾನಂತರ ಇನ್ನೊಬ್ಬರಿಗೆ ಪೂರ್ಣವಾಗಿ ನಡೆಯುವಂತೆ ಕೊಳ್ಳಲಿ. ಮೊತ್ತ ತುಸು ಕಡಿಮೆಯಾದರೂ ಚಿಂತೆಯಿಲ್ಲ.

ಮಕ್ಕಳು ನೋಡಿಕೊಳ್ಳುವುದಿಲ್ಲವೇ ಎಂದು ಕೇಳುವವರುಂಟು. ನೋಡಿಕೊಳ್ಳುವರು, ನೋಡಿಕೊಳ್ಳಲಿ. ಆದರೆ ಔಷಧದ ಚೀಟಿಯನ್ನು ಮಗನ ಮುಂದೆ ಹಿಡಿದು ನಿಲ್ಲುವ ತಾಯಿಗೂ, ಮೊಮ್ಮಗುವಿನ ಕೈಗೆ ಹಬ್ಬದ ಕಾಣಿಕೆಯಿಡುವ ಅಜ್ಜಿಗೂ ಅಂತರವಿದೆ. ಆ ಅಂತರವನ್ನು ಕಾಯುವ ಲೆಕ್ಕವನ್ನು ಗಂಡಹೆಂಡಿರಿಬ್ಬರೂ ಕೂಡಿ, ಸಂಬಳ ಬರುತ್ತಿರುವಾಗಲೇ ಬರೆದಿಡುವುದು ಲೇಸು.